ಮಳೆಗಾಲ, ಕಪ್ಪು ಸ್ಕ್ರೀನ್ ಮತ್ತು ಒಂದು ಗೇಣು ರೈಸರ್ ಕೇಬಲ್

ಪ್ರಶ್ನೆ: ಸಿದ್ದಾಪುರದ ಹತ್ತಿರ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ ವಿಡಿಯೊ ಎಡಿಟಿಂಗೇ ಮುಖ್ಯ ಕೆಲಸ. ಈ ವರ್ಷ ಬಿ550 ಮದರ್‌ಬೋರ್ಡ್, ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿ ಹೊಸ ಪಿಸಿ ಕಟ್ಟಿಸಿದೆ. ಗಾಜಿನ ಕ್ಯಾಬಿನೆಟ್‌ನಲ್ಲಿ ಕಾರ್ಡ್ ನೆಟ್ಟಗೆ ನಿಂತು ಚೆನ್ನಾಗಿ ಕಾಣಲಿ ಅಂತ ಗೆಳೆಯನ ಹಳೆಯ ರೈಸರ್ ಕೇಬಲ್ (ಮದರ್‌ಬೋರ್ಡ್ ಸ್ಲಾಟಿಗೂ ಕಾರ್ಡಿಗೂ ನಡುವೆ ಹಾಕುವ ಚಪ್ಪಟೆ ಕೇಬಲ್) ಹಾಕಿಕೊಂಡೆ. ಅವನ ಬಿ450 ಬೋರ್ಡಿನಲ್ಲಿ ಅದು ಎರಡು ವರ್ಷ ಏನೂ ತೊಂದರೆ ಕೊಟ್ಟಿರಲಿಲ್ಲ. ನನ್ನ ಪಿಸಿಯಲ್ಲಿ ಜೂನ್ ಮಳೆ ಶುರುವಾದಾಗಿನಿಂದ ರೆಂಡರ್ ಮಧ್ಯೆ ಸ್ಕ್ರೀನ್ ಕಪ್ಪಾಗುತ್ತದೆ. ಕೆಲವು ದಿನ ಬೆಳಿಗ್ಗೆ ಡಿಸ್ಪ್ಲೇನೇ ಬರುವುದಿಲ್ಲ. ಕಾರ್ಡ್ ಹೋಯ್ತಾ? ಬೆಂಗಳೂರಿಗೆ ಕಳಿಸಲಾ? ಇನ್ನೊಂದು ವಿಷಯ: ಮದುವೆ ಲೈವ್ ಕೊಡಲು, ಕ್ಯಾಮೆರಾದ ವಿಡಿಯೊವನ್ನು ಪಿಸಿಗೆ ತರುವ ಕ್ಯಾಪ್ಚರ್ ಕಾರ್ಡ್ ಹಾಕಬೇಕು. ನಿಂತ ಗ್ರಾಫಿಕ್ಸ್ ಕಾರ್ಡ್ ಉಳಿದ ಸ್ಲಾಟ್‌ಗಳಿಗೆಲ್ಲ ಅಡ್ಡ ಬಂದಿದೆ. ನೀಲಿ ಯುಎಸ್‌ಬಿ ವೈರ್ ಇರುವ ಅಗ್ಗದ ರೈಸರ್ ಸಿಗುತ್ತದಲ್ಲ, ಅದು ನಡೆಯುತ್ತದಾ?

ಉತ್ತರ: ಕಾರ್ಡನ್ನು ಈಗಲೇ ಬೆಂಗಳೂರಿನ ಬಸ್ಸು ಹತ್ತಿಸಬೇಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಗೆಳೆಯನ ಬೋರ್ಡ್ ಬಿ450, ನಿಮ್ಮದು ಬಿ550. ಆ ನೂರರ ವ್ಯತ್ಯಾಸದಲ್ಲೇ ನಿಮ್ಮ ಕಪ್ಪು ಸ್ಕ್ರೀನ್ ಕೂತಿದೆ ಅಂತ ನನ್ನ ಅನುಮಾನ.

ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಒಂದು ಕೆಲಸ ಮಾಡಿ. ಪಿಸಿ ಆಫ್ ಮಾಡಿ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಹಿಂದಿನ ಸ್ವಿಚ್ ಆಫ್ ಮಾಡಿ, ಪವರ್ ವೈರ್ ಕಿತ್ತು, ಪವರ್ ಬಟನನ್ನು ಒಂದೆರಡು ಸಲ ಒತ್ತಿ. ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ರೈಸರ್ ಪೂರ್ತಿ ತೆಗೆದು ಬದಿಗಿಡಿ. ಕಾರ್ಡನ್ನು ನೇರವಾಗಿ ಮದರ್‌ಬೋರ್ಡ್ ಸ್ಲಾಟಿಗೆ, ಎಲ್ಲರ ಪಿಸಿಯಲ್ಲಿ ಇರುವ ಹಾಗೆ ಮಲಗಿಸಿ ಹಾಕಿ. ಕಪ್ಪಾಗುತ್ತಿದ್ದ ಅದೇ ಪ್ರಾಜೆಕ್ಟನ್ನೇ ಎರಡು ಮೂರು ದಿನ ರೆಂಡರ್ ಮಾಡಿ. ಬೇರೆ ಯಾವುದನ್ನೂ ಬದಲಾಯಿಸಬೇಡಿ. ಡ್ರೈವರ್ ಹಳೆಯದೇ ಇರಲಿ, ವಿಂಡೋಸ್ ಹಾಗೇ ಇರಲಿ. ಒಂದೇ ಸಲ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಎಸ್ಟೇಟ್ ಆಫೀಸಿನ ಪಿಸಿ ನನ್ನ ಟೇಬಲ್ಲಿಗೆ ಬಂತು. ಚಪ್ಪಟೆ ಕ್ಯಾಬಿನೆಟ್, ಒಳಗೆ ಸಣ್ಣ ರೈಸರ್ ಕಾರ್ಡ್, ಅದರಲ್ಲಿ ಅಡ್ಡ ಮಲಗಿದ ಗ್ರಾಫಿಕ್ಸ್ ಕಾರ್ಡ್. ನಿಮ್ಮದೇ ಲಕ್ಷಣ: ಇದ್ದಕ್ಕಿದ್ದಂತೆ ಕಪ್ಪು. ನಾನು ಕಾರ್ಡೇ ಹೋಗಿದೆ ಅಂತ ತೀರ್ಮಾನ ಮಾಡಿ ಸರ್ವಿಸ್ ಸೆಂಟರಿಗೆ ಕಳಿಸಿದೆ. ಮೂರು ವಾರ ಆದ ಮೇಲೆ 'ದೋಷ ಇಲ್ಲ' ಅಂತ ಚೀಟಿ ಅಂಟಿಸಿ ವಾಪಸ್ ಕಳಿಸಿದರು. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ರೈಸರಿನ ಒಂದು ತುದಿ ಸ್ಲಾಟಿನಿಂದ ಅಕ್ಕಿ ಕಾಳಿನಷ್ಟು ಮೇಲೆದ್ದಿತ್ತು. ಎಸ್ಟೇಟ್ ರಸ್ತೆಯಲ್ಲಿ ಜೀಪಿನ ಹಿಂದೆ ಕುಲುಕಿಕೊಂಡು ಬಂದ ಪಿಸಿ ಅದು. ಹೆಬ್ಬೆರಳಿನಲ್ಲಿ ಒತ್ತಿದೆ, ಸರಿಹೋಯಿತು. ಆ ಮೂರು ವಾರದ ಬಿಲ್ಲನ್ನು ಯಾವ ಮುಖ ಇಟ್ಟುಕೊಂಡು ಮಾಡುವುದು? ಮಾಡಲಿಲ್ಲ. ಅಂದಿನಿಂದ ರೈಸರ್ ಇರುವ ಪಿಸಿ ಬಂದರೆ ಮೊದಲು ರೈಸರ್ ಹೊರಗೆ, ಆಮೇಲೆ ಮಾತು.

ಈಗ ಬಿ450, ಬಿ550 ವಿಷಯ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಮಾತಾಡುವ ದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಅಂತ ಹೆಸರು. ಅದಕ್ಕೆ ತಲೆಮಾರುಗಳಿವೆ, ಅಂಗಡಿಯಲ್ಲಿ ಜೆನ್ 3, ಜೆನ್ 4 ಅನ್ನುತ್ತಾರೆ. 2010ರಲ್ಲಿ ಬಂದ ಜೆನ್ 3ರಲ್ಲಿ ಒಂದೊಂದು ಲೇನ್‌ನಲ್ಲಿ, ಅಂದರೆ ಆ ದಾರಿಯ ಒಂದೊಂದು ಸಾಲಿನಲ್ಲಿ, ಸೆಕೆಂಡಿಗೆ 800 ಕೋಟಿ ಬಿಟ್ ಓಡುತ್ತವೆ. 2017ರ ಜೆನ್ 4ರಲ್ಲಿ ಅದರ ಎರಡರಷ್ಟು, 1,600 ಕೋಟಿ. ಬಿ450 ಬೋರ್ಡ್ ಜೆನ್ 3ಕ್ಕೇ ನಿಲ್ಲುತ್ತದೆ. ಹಾಗಾಗಿ ಗೆಳೆಯನ ಪಿಸಿಯಲ್ಲಿ ಆ ಕೇಬಲ್ಲಿಗೆ ಅರ್ಧ ವೇಗದ ಕೆಲಸ ಮಾತ್ರ ಇತ್ತು. ನಿಮ್ಮ ಬೋರ್ಡ್, ಪ್ರೊಸೆಸರ್, ಕಾರ್ಡ್ ಮೂರೂ ಜೆನ್ 4. ಪಿಸಿ ಆನ್ ಆದಾಗ ಎರಡು ತುದಿಯವರೂ 'ನಿಂಗೆಷ್ಟು ಬರುತ್ತೆ, ನಂಗೆಷ್ಟು ಬರುತ್ತೆ' ಅಂತ ಕೇಳಿಕೊಂಡು ಜೆನ್ 4ಕ್ಕೆ ಒಪ್ಪಿಕೊಳ್ಳುತ್ತಾರೆ. ನಡುವೆ ಇರುವ ಕೇಬಲನ್ನು ಯಾರೂ ಕೇಳುವುದಿಲ್ಲ. ಕೇಬಲ್‌ನಲ್ಲಿ 'ನಾನು ಜೆನ್ 3' ಅಂತ ಹೇಳುವ ಚಿಪ್ ಏನೂ ಇಲ್ಲ, ಅದು ಬರೀ ತಂತಿ.

ಬರೀ ತಂತಿ ಅಂದರೆ ವೇಗ ಹೆಚ್ಚಾದರೆ ಏನು ಕಷ್ಟ ಅಂತ ಕೇಳಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವುದನ್ನು ನೋಡಿರುತ್ತೀರಿ. ಕೆರೆ ಹತ್ತಿರದ ಪಂಪು ಎಷ್ಟೇ ಜೋರಾಗಿ ತಳ್ಳಲಿ, ಪೈಪು ಉದ್ದ ಆದಷ್ಟೂ, ಜಾಯಿಂಟ್ ಜಾಸ್ತಿ ಆದಷ್ಟೂ ಕೊನೆಯ ಜೆಟ್ ಸೊರಗುತ್ತದೆ. ಪ್ರತಿ ಜಾಯಿಂಟಿನಲ್ಲೂ ಸ್ವಲ್ಪ ಒತ್ತಡ ಹೋಗುತ್ತದೆ. ಇಲ್ಲೂ ಹಾಗೇ. ನೇರ ಸ್ಲಾಟಿನಲ್ಲಿ ಜಾಯಿಂಟ್ ಒಂದೇ, ಕಾರ್ಡಿನ ಚಿನ್ನದ ಹಲ್ಲು ಸ್ಲಾಟಿಗೆ ಕೂರುವ ಜಾಗ. ರೈಸರ್ ಹಾಕಿದರೆ ಅದು ಎರಡಾಗುತ್ತದೆ. ಮೇಲೆ ಒಂದು ಗೇಣು ತಂತಿ, ತಂತಿಯನ್ನು ಬೆಸುಗೆ ಹಾಕಿದ ಎರಡು ಸಣ್ಣ ಬೋರ್ಡುಗಳು. ಪ್ರತಿ ಜಾಯಿಂಟಿನಲ್ಲಿ ಸಿಗ್ನಲ್ ಸ್ವಲ್ಪ ಸೋರುತ್ತದೆ, ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಬ್ರಹ್ಮಗಿರಿ ಕಡೆ ಕೂಗಿದರೆ ವಾಪಸ್ ಕೇಳುತ್ತದಲ್ಲ, ಆ ಥರ. ನಿಧಾನವಾಗಿ ಮಾತಾಡಿದರೆ ಪ್ರತಿಧ್ವನಿ ಬಂದು ಹೋದ ಮೇಲೆ ಮುಂದಿನ ಮಾತು ಆಡಬಹುದು. ಗಡಿಬಿಡಿಯಲ್ಲಿ ಮಾತಾಡಿದರೆ ಎಲ್ಲ ಕಲಸಿಹೋಗುತ್ತದೆ.

ಇಲ್ಲಿನ ಗಡಿಬಿಡಿ ಎಷ್ಟು ಅಂತ ಲೆಕ್ಕ ಹಾಕಿದರೆ ನನಗೆ ಈಗಲೂ ಸೋಜಿಗ ಆಗುತ್ತದೆ. ತಂತಿಯಲ್ಲಿ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತದೆ. ನಿಮ್ಮ ಕೇಬಲ್ಲಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಜೆನ್ 4ರಲ್ಲಿ ಆ ಒಂದು ನ್ಯಾನೊಸೆಕೆಂಡಿನಲ್ಲಿ 16 ಬಿಟ್ ಹೊರಡುತ್ತವೆ. ಅಂದರೆ ಒಂದು ಗೇಣು ತಂತಿಯ ಒಳಗೆ ಒಂದರ ಹಿಂದೆ ಒಂದು 16 ಬಿಟ್ ಸಾಲಾಗಿ ಓಡುತ್ತಿರುತ್ತವೆ, ಒಂದೊಂದರ ಉದ್ದ ಒಂದೂಕಾಲು ಸೆಂಟಿಮೀಟರ್. ನಿಮ್ಮ ಕಾರ್ಡಿಗೆ 16 ಲೇನ್, ಲೇನಿಗೆ ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ. ಒಟ್ಟು 32 ಜೋಡಿ, 64 ತಂತಿ. ಎಲ್ಲವೂ ಒಂದರ ಪಕ್ಕ ಒಂದು ಒತ್ತಿಕೊಂಡಿವೆ. ಪಕ್ಕದ ತಂತಿಯ ಗಲಾಟೆ ಇದಕ್ಕೆ ಕೇಳಿಸಬಾರದು.

ಈ ಸೋರಿಕೆಗೆಲ್ಲ ಒಂದು ಮಿತಿ ಇಟ್ಟುಕೊಂಡೇ ಈ ವ್ಯವಸ್ಥೆ ಮಾಡಿದ್ದಾರೆ. ಜೆನ್ 4ಕ್ಕೆ ಈ ತುದಿಯ ಚಿಪ್ಪಿನಿಂದ ಆ ತುದಿಯ ಚಿಪ್ಪಿನವರೆಗೆ ಒಟ್ಟು 28 ಡೆಸಿಬೆಲ್ ನಷ್ಟ ಆಗಬಹುದು. ಸರಳವಾಗಿ ಹೇಳಿದರೆ ಕಳಿಸಿದ ವೋಲ್ಟೇಜಿನಲ್ಲಿ 25ರಲ್ಲಿ 1 ಪಾಲು ಮುಟ್ಟಿದರೂ ಓದಿಕೊಳ್ಳಬೇಕು. ಕೇಳಲು ಧಾರಾಳ ಅನ್ನಿಸುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲನ್ನು ಮದರ್‌ಬೋರ್ಡೇ ತಿಂದಿರುತ್ತದೆ. ರೈಸರಿಗೆ ಉಳಿಯುವುದು ಚಿಲ್ಲರೆ. ಜೆನ್ 3ರ ಕಾಲದ ಕೇಬಲ್ ಆ ಚಿಲ್ಲರೆಯಲ್ಲಿ ಸಂಸಾರ ಮಾಡಲಾರದು.

ಹಾಗಾದರೆ ಪಿಸಿ ಮೊದಲ ದಿನವೇ ಯಾಕೆ ಕೈಕೊಡಲಿಲ್ಲ? ಪಿಸಿಐ ಎಕ್ಸ್‌ಪ್ರೆಸ್ ತಪ್ಪನ್ನು ಸಹಿಸಿಕೊಳ್ಳುತ್ತದೆ, ಅದಕ್ಕೇ. ಕಳಿಸುವ ಮಾಹಿತಿಯ ಪ್ರತಿ ಕಂತಿನ ಜೊತೆ ಒಂದು ತಾಳೆ ನೋಡುವ ಅಂಕಿ ಹೋಗುತ್ತದೆ. ತಾಳೆ ಆಗದಿದ್ದರೆ 'ಇನ್ನೊಂದು ಸಲ ಕಳಿಸು' ಅನ್ನುತ್ತದೆ. ಸಣ್ಣಪುಟ್ಟ ತಪ್ಪು ನಿಮಗೆ ಗೊತ್ತೇ ಆಗುವುದಿಲ್ಲ. ತಪ್ಪು ಜಾಸ್ತಿಯಾದಾಗ ದಾರಿಯನ್ನೇ ಬಿಟ್ಟು ಮತ್ತೆ ಹೊಂದಿಸಿಕೊಳ್ಳುತ್ತದೆ. ಅದರ ನಡುವೆ ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಕೆಡವಿ ಮತ್ತೆ ಎಬ್ಬಿಸಲು ನೋಡುತ್ತದೆ. ಕಾರ್ಡ್ ಎದ್ದು ಬಂದರೆ ಕಣ್ಣು ಮಿಟುಕಿದಂತೆ ಒಂದು ಸಲ ಕಪ್ಪು. ಬರದಿದ್ದರೆ ಪೂರ್ತಿ ಕಪ್ಪು. ರೆಂಡರ್ ಹೊತ್ತಿನಲ್ಲೇ ಹೀಗಾಗುವುದು ಸಹಜ, ಕೇಬಲ್ಲಿನ ಮೇಲೆ ಭಾರ ಬೀಳುವುದು ಆಗಲೇ.

ಈ ಸಣ್ಣ ತಪ್ಪುಗಳ ಲೆಕ್ಕ ಒಂದು ಕಡೆ ಸಿಗುತ್ತದೆ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್ ನೋಡಿ. 'ಡಬ್ಲ್ಯೂಎಚ್‌ಇಎ ಲಾಗರ್' ಹೆಸರಿನಲ್ಲಿ, ಐಡಿ 17 ಇರುವ ಹಳದಿ ಎಚ್ಚರಿಕೆಗಳು ಸಾಲಾಗಿ ಕಂಡರೆ ಅದು ದಾರಿಯಲ್ಲಿ ಸರಿಪಡಿಸಿಕೊಂಡ ತಪ್ಪುಗಳ ಪಟ್ಟಿ. ರೈಸರ್ ತೆಗೆದ ಮೇಲೆ ಅವು ನಿಂತರೆ ಕಳ್ಳ ಸಿಕ್ಕ ಹಾಗೆ. ಆದರೆ ಒಂದೂ ಕಾಣಲಿಲ್ಲ ಅಂತ ಕೇಬಲ್ಲಿಗೆ ಸರ್ಟಿಫಿಕೇಟ್ ಕೊಡಬೇಡಿ. ಕೆಲವು ಬೋರ್ಡ್‌ಗಳು ಈ ವರದಿ ಕೊಡುವುದೇ ಇಲ್ಲ.

ಈಗ ಮಳೆ. ನಿಮ್ಮ ಹಾಗೆ ಜೂನ್, ಜುಲೈನಲ್ಲಿ ಫೋನ್ ಮಾಡುವವರು ತುಂಬ ಜನ. ಮಳೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅಂಚಿನಲ್ಲಿ ನಿಂತವನನ್ನು ತಳ್ಳಲು ಒಂದು ಬೆರಳು ಸಾಕಲ್ವಾ? ರೈಸರಿನ ಎರಡು ತುದಿಯ ಸಣ್ಣ ಬೋರ್ಡ್‌ಗಳು ಫೈಬರ್‌ಗ್ಲಾಸ್‌ನವು, ಅವು ತೇವ ಹೀರುತ್ತವೆ. ತೇವ ಹೀರಿದಾಗ ಸಿಗ್ನಲ್ ನಷ್ಟ ಇನ್ನಷ್ಟು ಏರುತ್ತದೆ. ಜೊತೆಗೆ ಸ್ಲಾಟಿನ ಒಳಗಿನ ಧೂಳು ಒದ್ದೆಯಾಗಿ ಹಲ್ಲುಗಳ ಮೇಲೆ ಕೂರುತ್ತದೆ. ರಾತ್ರಿ ತಣ್ಣಗಾದ ಲೋಹಕ್ಕೆ ಬೆಳಿಗ್ಗೆ ಬೆಚ್ಚನೆಯ ಒದ್ದೆ ಗಾಳಿ ತಾಗಿದರೆ ಕಿಟಕಿ ಗಾಜಿನ ಮೇಲೆ ಕಟ್ಟುವ ಹಾಗೆ ತೆಳುವಾಗಿ ಹನಿ ಕಟ್ಟುತ್ತದೆ. ಬೆಳಿಗ್ಗೆ ಡಿಸ್ಪ್ಲೇ ಬಾರದ ನಿಮ್ಮ ಕಥೆಗೆ ಇದು ಹೊಂದುತ್ತದೆ.

ನೀವು ಫೋಟೊಗ್ರಾಫರ್, ಲೆನ್ಸಿಗೆ ಫಂಗಸ್ ಬರಬಾರದು ಅಂತ ಬೀರುವಿನಲ್ಲಿ ಬಲ್ಬ್ ಉರಿಸುವ ಕಷ್ಟ ನಿಮಗೆ ಹೇಳಿಕೊಡಬೇಕಾಗಿಲ್ಲ. ಪಿಸಿಗೂ ಅದೇ ಬುದ್ಧಿ ಸಾಕು. ಜುಲೈ, ಆಗಸ್ಟ್‌ನ ಜೋರು ಮಳೆಯ ಕಕ್ಕಡದ ತಿಂಗಳಿಡೀ ಅದನ್ನು ಸುಮ್ನೆ ಮುಚ್ಚಿಡಬೇಡಿ, ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಓಡಿಸಿ. ಬೂಷ್ಟು ಬರುವ ಗೋಡೆಗೆ ಒತ್ತಿ ಇಡಬೇಡಿ. ಕ್ಯಾಬಿನೆಟ್ ಒಳಗೆ ಸಿಲಿಕಾ ಪೊಟ್ಟಣ ಹಾಕುವವರಿದ್ದಾರೆ. ಫ್ಯಾನ್ ತಿರುಗುವ, ತೂತುಗಳಿರುವ ಪೆಟ್ಟಿಗೆಯಲ್ಲಿ ಅದು ಊರಿನ ಮಳೆಯನ್ನೆಲ್ಲ ಒರೆಸಲು ಹೊರಟ ಹಾಗೆ. ಬಿಡಿ ಕಾರ್ಡ್, ಕೇಬಲ್‌ಗಳಿಗೆ ಮಾತ್ರ ಅದು ಸರಿ, ಗಾಳಿಯಾಡದ ಡಬ್ಬಿಯಲ್ಲಿ. ಕಾರ್ಡಿನ ಹಲ್ಲು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಪೆನ್ಸಿಲ್ ರಬ್ಬರಿನಲ್ಲಿ ತಿಕ್ಕುವುದು ನಮ್ಮವರಿಗೆಲ್ಲ ಅಭ್ಯಾಸ, ನಾನೂ ಮಾಡಿದ್ದೇನೆ. ಚಿನ್ನದ ಲೇಪ ತೀರಾ ತೆಳು, ಪ್ರತಿ ಮಳೆಗಾಲ ತಿಕ್ಕಿದರೆ ಕೆಳಗಿನ ಲೋಹ ಹೊರಗೆ ಬರುತ್ತದೆ. ಈಗ ಬಿಟ್ಟಿದ್ದೇನೆ.

ನೇರ ಸ್ಲಾಟಿನಲ್ಲಿ ಎಲ್ಲ ಸರಿಯಿದೆ ಅಂತ ಆದರೆ, ಮತ್ತೆ ಕಾರ್ಡ್ ನಿಲ್ಲಿಸಲೇಬೇಕು ಅಂತಿದ್ದರೆ, ಕಾಸು ಖರ್ಚಿಲ್ಲದ ದಾರಿ ಒಂದಿದೆ. ಕಾರ್ಡ್ ನೇರ ಸ್ಲಾಟಿನಲ್ಲಿ ಇರುವಾಗಲೇ ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ. ಗ್ರಾಫಿಕ್ಸ್ ಸ್ಲಾಟಿನ ವೇಗ 'ಆಟೊ' ಅಂತ ಇರುತ್ತದೆ, ಅದನ್ನು ಜೆನ್ 3 ಮಾಡಿ, ಸೇವ್ ಮಾಡಿ. ಆಮೇಲೆ ಆಫ್ ಮಾಡಿ ರೈಸರ್ ಹಾಕಿ. ಈ ಕ್ರಮ ತಪ್ಪಬಾರದು. ರೈಜನ್ 5 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ. ರೈಸರ್ ಹಾಕಿ ಡಿಸ್ಪ್ಲೇ ಹೋದ ಮೇಲೆ ಬಯಾಸ್ ನೋಡುವುದು ಯಾವುದರಲ್ಲಿ? ಮುಂದೆ ಬಯಾಸ್ ಅಪ್‌ಡೇಟ್ ಮಾಡಿದರೂ, ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತ ಮೇಲೆ ಕರೆಂಟ್ ಹೋದರೂ ಈ ಸೆಟ್ಟಿಂಗ್ ಅಳಿಸಿಹೋಗಿ ಮತ್ತೆ ಆಟೊ ಆಗುತ್ತದೆ. ಮೂರು ದಿನ ಕರೆಂಟಿಲ್ಲದ ನಮ್ಮ ಮಳೆಗಾಲದಲ್ಲಿ ಇದು ನೆನಪಿರಲಿ.

ಜೆನ್ 3ಕ್ಕೆ ಇಳಿಸಿದರೆ ಕಾರ್ಡ್ ಅರ್ಧಕ್ಕೆ ಬೀಳುತ್ತದೆ ಅಂತ ಹೆದರಬೇಡಿ. ದಾರಿಯ ಅಗಲ ಅರ್ಧ ಆಗುತ್ತದೆ ನಿಜ, ಸೆಕೆಂಡಿಗೆ ಸುಮಾರು 31.5 ಗಿಗಾಬೈಟ್ ಇದ್ದದ್ದು 15.75 ಆಗುತ್ತದೆ. ಆದರೆ 3060 ಆ ಅಗಲವನ್ನು ತುಂಬಿಸುವುದೇ ಅಪರೂಪ. ಎಡಿಟಿಂಗ್‌ನಲ್ಲಿ ವ್ಯತ್ಯಾಸ ಕಾಣಿಸುವುದು ಕಷ್ಟ. ಲೇನ್ ಕಡಿಮೆ ಇರುವ ಕಾರ್ಡ್‌ಗಳ ಕಥೆ ಬೇರೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದೇ 4 ಲೇನ್, ಅದಕ್ಕೆ ಜೆನ್ 3 ನಿಜಕ್ಕೂ ಏಟು. ವೇಗ ನೋಡಲು ಜಿಪಿಯು-ಝಡ್ ಅನ್ನುವ ಸಣ್ಣ ಪ್ರೋಗ್ರಾಂ ಸಾಕು. ಕೆಲಸ ಇಲ್ಲದಾಗ ಅದು 1.1, ಅಂದರೆ ಜೆನ್ 1ರ ವೇಗ, ತೋರಿಸುತ್ತದೆ. ಗಾಬರಿ ಬೇಡ, ಕರೆಂಟ್ ಉಳಿಸಲು ಕಾರ್ಡೇ ವೇಗ ಇಳಿಸಿಕೊಂಡಿರುತ್ತದೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಭಾರ ಕೊಟ್ಟು ನೋಡಿ.

ಹೊಸ ರೈಸರೇ ಕೊಳ್ಳುವುದಾದರೆ ಜೆನ್ 4 ಅಂತ ಬರೆದಿರುವುದನ್ನು, ಪ್ರತಿ ಜೋಡಿಗೂ ಲೋಹದ ಹೊದಿಕೆ ಇರುವುದನ್ನು, ನಿಮ್ಮ ಕ್ಯಾಬಿನೆಟ್‌ಗೆ ಸಾಕಾಗುವಷ್ಟು ಮಾತ್ರ ಉದ್ದ ಇರುವುದನ್ನು ತೆಗೆದುಕೊಳ್ಳಿ. 'ಇರಲಿ' ಅಂತ ಉದ್ದದ್ದು ತಂದು ಮಡಚಿ ತುರುಕಬೇಡಿ. ಮಡಿಕೆ ಬಿದ್ದ ಜಾಗದಲ್ಲಿ ತಂತಿಗಳ ನಡುವಿನ ಅಂತರ ಬದಲಾಗುತ್ತದೆ, ಅಲ್ಲೇ ಪ್ರತಿಧ್ವನಿ ಹುಟ್ಟುತ್ತದೆ. ಎರಡು ರೈಸರ್ ಜೋಡಿಸುವುದಂತೂ ಬೇಡವೇ ಬೇಡ. ಡಬ್ಬಿ ಮೇಲಿನ ಸ್ಟಿಕರನ್ನು ನಂಬುವುದಕ್ಕಿಂತ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲಿ ಕೊಂಡು, ಒಂದು ವಾರ ಜೆನ್ 4ರಲ್ಲೇ ದುಡಿಸಿ ನೋಡುವುದು ಒಳ್ಳೆಯದು.

ರೈಸರನ್ನು ಕ್ಯಾಬಿನೆಟ್‌ಗೆ ಬಿಗಿಯುವ ಸ್ಕ್ರೂ ಬಗ್ಗೆ ಒಂದು ಮಾತು. ಸ್ಲಾಟಿನ ಮೂಲಕ ಕಾರ್ಡಿಗೆ 75 ವ್ಯಾಟ್‌ವರೆಗೆ ಕರೆಂಟ್ ಹೋಗಬಹುದು, ಅದರಲ್ಲಿ 66 ವ್ಯಾಟ್ 12 ವೋಲ್ಟ್‌ನಲ್ಲಿ. ಅದೆಲ್ಲ ಈ ಸಣ್ಣ ಬೋರ್ಡಿನ ಒಳಗೇ ಹಾದುಹೋಗುತ್ತದೆ. 2021ರಲ್ಲಿ ಎನ್‌ಝಡ್‌ಎಕ್ಸ್‌ಟಿ ಎಚ್1 ಅನ್ನುವ ಸಣ್ಣ ಕ್ಯಾಬಿನೆಟ್ಟನ್ನು ಅಮೆರಿಕದಲ್ಲಿ ವಾಪಸ್ ಕರೆಸಿಕೊಂಡದ್ದು ಇದೇ ಕಾರಣಕ್ಕೆ. ರೈಸರ್ ಹಿಡಿದಿದ್ದ ಎರಡು ಲೋಹದ ಸ್ಕ್ರೂಗಳಿಂದ ಬೋರ್ಡಿನ ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯ ಇತ್ತು. ಹಾಗಾಗಿ ಕೇಬಲ್ ಜೊತೆ ಬಂದ ಸ್ಕ್ರೂ, ವಾಷರ್‌ಗಳನ್ನೇ ಹಾಕಿ. ಡಬ್ಬಿಯಲ್ಲಿ ಉಳಿದ ಯಾವುದೋ ದಪ್ಪ ಸ್ಕ್ರೂ ತಿರುಗಿಸಿ ಕೂರಿಸಬೇಡಿ.

ಕ್ಯಾಪ್ಚರ್ ಕಾರ್ಡ್ ಪ್ರಶ್ನೆಗೆ ಬರೋಣ. ನೀಲಿ ವೈರಿನ ರೈಸರ್ ಕ್ರಿಪ್ಟೊ ಮೈನಿಂಗ್ ಮಾಡುವವರಿಗಾಗಿ ಬಂದದ್ದು. ವೈರ್ ಮಾತ್ರ ಯುಎಸ್‌ಬಿ 3ರದ್ದು, ಒಳಗೆ ಓಡುವುದು ಯುಎಸ್‌ಬಿ ಅಲ್ಲ, ಪಿಸಿಐ ಎಕ್ಸ್‌ಪ್ರೆಸ್‌ನ ಒಂದೇ ಒಂದು ಲೇನ್. ಅದನ್ನು ಪಿಸಿಯ ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೆ ಹಾನಿ ಆಗಬಹುದು, ಹುಷಾರು. ಒಂದು ಲೇನ್ ಸಾಕಾ? ಲೆಕ್ಕ ಹಾಕಿ ನೋಡಿ. 1920 ಗುಣಿಸು 1080 ಪಿಕ್ಸೆಲ್, ಪಿಕ್ಸೆಲಿಗೆ 2 ಬೈಟ್, ಸೆಕೆಂಡಿಗೆ 60 ಫ್ರೇಮ್: ಸುಮಾರು 249 ಮೆಗಾಬೈಟ್. ಜೆನ್ 1ರ ಒಂದು ಲೇನ್ ಸೆಕೆಂಡಿಗೆ 250 ಮೆಗಾಬೈಟ್ ಅಂತ ಬರೆದುಕೊಂಡರೂ ಮೇಲ್ಖರ್ಚು ಕಳೆದರೆ ಅಷ್ಟು ಸಿಗುವುದಿಲ್ಲ. ಜೆನ್ 2ರಲ್ಲಿ 500, ಆಗ ಆರಾಮ. ಅಂದರೆ ಫುಲ್ ಎಚ್‌ಡಿ ಲೈವ್ ಜೆನ್ 2ರಲ್ಲಿ ನಡೆಯುತ್ತದೆ, 4ಕೆ 60 ಫ್ರೇಮ್ ನಡೆಯುವುದಿಲ್ಲ. ಅಗ್ಗದ ವೈರು ವೇಗ ತಡೆಯದೆ ಜೆನ್ 1ಕ್ಕೆ ಇಳಿದರೆ ಮುಹೂರ್ತದ ಹೊತ್ತಿಗೇ ಫ್ರೇಮ್ ಉದುರುತ್ತವೆ. ದುಬೈಯಲ್ಲಿ ಕೂತು ಲೈವ್ ನೋಡುವ ಚಿಕ್ಕಪ್ಪನಿಗೆ ಉತ್ತರ ಕೊಡುವವರು ನೀವೇ.

ಈ ರೈಸರಿನ ಕರೆಂಟ್ ವಿಷಯದಲ್ಲೂ ಎಚ್ಚರ ಬೇಕು. ಇಂಥ ಕೆಲವು ರೈಸರ್‌ಗಳಿಗೆ ಹಾರ್ಡ್ ಡಿಸ್ಕಿಗೆ ಹಾಕುವ ಸಾಟಾ ಪವರ್ ಪ್ಲಗ್‌ನಿಂದಲೇ ಕರೆಂಟ್ ಕೊಡುತ್ತಾರೆ. ಆ ಪ್ಲಗ್‌ನಲ್ಲಿ 12 ವೋಲ್ಟ್‌ನ ಮೂರು ಪಿನ್, ಪಿನ್ನಿಗೆ 1.5 ಆಂಪಿಯರ್. ಒಟ್ಟು 54 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಿಂದ 66 ವ್ಯಾಟ್ ಎಳೆಯಬಹುದು ಅಂತ ಆಗಲೇ ಹೇಳಿದೆ. ಸಾಟಾ ಪ್ಲಗ್ ಕರಗಿ ಕಪ್ಪಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ಯಾಪ್ಚರ್ ಕಾರ್ಡ್ ಅಷ್ಟೆಲ್ಲ ಎಳೆಯುವುದಿಲ್ಲ. ಆದರೆ ಮುಂದೆ ಯಾವತ್ತಾದರೂ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಅದೇ ರೈಸರಿಗೆ ಸಿಕ್ಕಿಸುವ ಮನಸ್ಸಾಗಬಾರದು.

ನನ್ನನ್ನು ಕೇಳಿದರೆ ನಿಮ್ಮ ಎರಡು ಪ್ರಶ್ನೆಗೂ ಮದ್ದು ಒಂದೇ. ಗ್ರಾಫಿಕ್ಸ್ ಕಾರ್ಡನ್ನು ಮಲಗಿಸಿ. ಆಗ ಕೆಳಗಿನ ಸ್ಲಾಟ್ ಬಿಡುವಾಗುತ್ತದಾ ನೋಡಿ, ಬಿಡುವಾದರೆ ಕ್ಯಾಪ್ಚರ್ ಕಾರ್ಡ್ ಅಲ್ಲೇ ನೇರ ಕೂರಲಿ. ನೀಲಿ ವೈರೂ ಬೇಡ, ಹೊಸ ರೈಸರೂ ಬೇಡ. ಕಾರ್ಡ್ ಭಾರಕ್ಕೆ ಜೋತುಬೀಳುತ್ತದೆ ಅನ್ನಿಸಿದರೆ ತುದಿಗೆ ಒಂದು ಊರುಗೋಲು ಕೊಡಿ, ಅಂಗಡಿಯಲ್ಲಿ ಸಿಗುತ್ತದೆ. ಗಾಜಿನ ಹತ್ತಿರ ನಿಲ್ಲಿಸಿದ ಕಾರ್ಡಿಗೆ ಉಸಿರಾಡಲು ಗಾಳಿಯೂ ಕಡಿಮೆ. ಚಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಗಿರಾಕಿ ನೋಡುವುದು ಸ್ಕ್ರೀನನ್ನು.

ನೇರ ಸ್ಲಾಟಿನಲ್ಲೂ ಕಪ್ಪಾದರೆ ಆಗ ಎಸ್‌ಎಂಪಿಎಸ್, ಯುಪಿಎಸ್ ನೋಡಬೇಕು, ಕಾರ್ಡಿನ ಪವರ್ ಪ್ಲಗ್ ಕಟ್ ಅಂತ ಕೂತಿದೆಯಾ ನೋಡಬೇಕು. ಕೊನೆಗೆ ಕಾರ್ಡ್. ಅಷ್ಟು ಹೊತ್ತಿಗೆ ಬೆಂಗಳೂರಿಗೆ ಕಳಿಸಿದರೆ ನಾನೂ ಬೇಡ ಅನ್ನುವುದಿಲ್ಲ. ಎಲ್ಲ ಸರಿಹೋದರೆ ಆ ಕೇಬಲನ್ನು ಗೆಳೆಯನಿಗೆ ವಾಪಸ್ ಕೊಡಿ, ಎಸೆಯಬೇಡಿ. ಅವನ ಬಿ450ಯಲ್ಲಿ ಅದು ಇನ್ನೂ ನಾಲ್ಕು ಮಳೆಗಾಲ ದುಡಿಯಬಹುದು.